ಹಸಿರು ಚೌಕಳಿ ಚಿಂದಿ

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಅರ್ಧಕ್ಕೆ ಬಿಟ್ಟು ಯಾರಾದರೂ ಏಳಬೇಕಾಗಿ ಬಂದರೆ, ಅದು ಊಟಕ್ಕಾಗಲಿ, ನಮಾಜಿಗಾಗಲಿ, ಕೊನೆಗೆ ಒಂದು ಬೀಡಿ ಸೇದಲಿಕ್ಕಾಗಲಿ, ಕೈಬಿಟ್ಟ ಜಾಗದಲ್ಲಿ ಬಟ್ಟೆಯ ಚಿಂದಿಯೊಂದನ್ನು ಕಟ್ಟಿ ಏಳಬೇಕು. ಚಕ್ರದ ಕೆಲಸವಾದರೆ ಚಕ್ರದ ಬೋಲ್ಟಿಗೆ, ಇಂಜಿನ್ನಿನದಾದರೆ ಸ್ಟೀರಿಂಗಿಗೆ. ಚಿಂದಿ ಇರುವ ತನಕ ಆ ಗಾಡಿಯನ್ನು ಯಾರೂ ಅಲ್ಲಾಡಿಸುವಂತಿಲ್ಲ. ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ಗ್ಯಾರೇಜಿಗೆ ದೊಡ್ಡವರಾದ ಉಸ್ತಾದರೂ ಇನ್ನೊಬ್ಬರ ಚಿಂದಿಗೆ ಕೈ ಹಾಕುತ್ತಿರಲಿಲ್ಲ. ಬಸ್ಸಿನ ಡ್ರೈವರುಗಳಿಗೂ ಇದು ಗೊತ್ತಿತ್ತು. ಗಾಡಿ ತೆಗೆಯುವ ಮೊದಲು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲೂ ಚಿಂದಿ ಇಲ್ಲವೆಂದು ನೋಡಿಕೊಂಡೇ ಸೀಟಿಗೆ ಹತ್ತುತ್ತಿದ್ದರು.

ಅಂಥ ಒಂದು ಚಿಂದಿಯನ್ನು ನಾನು ಬಿಚ್ಚಿದೆ. ನಾನು ಕಟ್ಟಿದ್ದಲ್ಲ, ಬೇರೆಯವರು ಕಟ್ಟಿದ್ದು. ಆಗ ನಾನು ಆ ಗ್ಯಾರೇಜಿಗೆ ಉಸ್ತಾದನಾಗಿ ನಾಲ್ಕು ತಿಂಗಳಾಗಿತ್ತು. ಬಿಚ್ಚಿದ್ದನ್ನು ಆರು ವರ್ಷ ಯಾರಿಗೂ ಹೇಳಲಿಲ್ಲ.

ಗ್ಯಾರೇಜು ಇರುವುದು ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ. ಬೆಳಿಗ್ಗೆ ಶೆಟರ್ ಎತ್ತಿದರೆ ಮೊದಲು ಮೂಗಿಗೆ ಬಡಿಯುವುದು ಶೇಂಗಾ ಹಿಂಡಿಯ ವಾಸನೆ, ಆಮೇಲೆ ಡೀಸೆಲ್ಲು. ನಾನು ಅಲ್ಲಿಗೆ ಬಂದದ್ದು ಉಳ್ಳಾರ್ತಿ ಕಾವಲಿನ ಪಕ್ಕದ ಹಟ್ಟಿಯಿಂದ. ನಮ್ಮಪ್ಪ ಕುರಿ, ದನ ಮೇಯಿಸುತ್ತಿದ್ದವನು. ಆ ಹುಲ್ಲುಗಾವಲನ್ನು ಸರ್ಕಾರ ತೆಗೆದುಕೊಂಡು ಸುತ್ತ ಗೋಡೆ ಕಟ್ಟಿಸಿದಾಗ ಆ ಗೋಡೆಗೇ ಕಲ್ಲು ಹೊರುವ ಕೂಲಿಗೆ ಹೋದ. ಬೆಳಿಗ್ಗೆ ಅಭ್ಯಾಸಬಲದಿಂದ ಮೇಯಿಸುವ ಕೋಲು ಹಿಡಿದೇ ಕೂಲಿಗೆ ಹೊರಡುತ್ತಿದ್ದ, ಅವ್ವ ಬಾಗಿಲಲ್ಲಿ ನಿಂತು ಕೋಲು ಕಿತ್ತಿಟ್ಟುಕೊಳ್ಳುತ್ತಿದ್ದಳು. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು, ಎರಡು ವರ್ಷ ಅಂಡಲೆದು, ಇಪ್ಪತ್ತು ತುಂಬಿದ ಮೇಲೆ ಸ್ಪ್ಯಾನರು ಹಿಡಿದೆ.

ಹಿಡಿಯುವುದನ್ನು ಕಲಿಸಿದವರು ಚಾಚಾ. ಅವರು ಉಸ್ತಾದರ ಸಂಬಂಧಿಕರೇನಲ್ಲ, ಆದರೆ ಮೊದಲಿನಿಂದ ಅವರ ಬಲಗೈ. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಊರಿನ ಅರ್ಧ ಜನ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಓದು ಬಾರದು, ಕೈ ಮಾತ್ರ ದೇವರು ಕೊಟ್ಟದ್ದು. ಸಣ್ಣ ಸುತ್ತಿಗೆಯಿಂದ ಚಕ್ರದ ನಟ್ಟಿಗೆ ತಟ್ಟಿ ಕಿವಿ ಕೊಟ್ಟು ಕೇಳುವುದನ್ನು ಅವರೇ ಹೇಳಿಕೊಟ್ಟರು. ಬಿಗಿಯಾಗಿರುವ ನಟ್ಟು ಟಣ್ ಎನ್ನುತ್ತದೆ. ಸಡಿಲಾದದ್ದು ಟಪ್ ಎನ್ನುತ್ತದೆ. “ಲೇ, ಕಣ್ಣು ಸುಳ್ಳು ಹೇಳ್ತೈತೆ, ಕಿವಿ ಹೇಳಲ್ಲ,” ಎಂದು ನನ್ನ ಕಿವಿಯನ್ನೇ ಹಿಡಿದು ಚಕ್ರದ ಹತ್ತಿರ ಬಗ್ಗಿಸುತ್ತಿದ್ದರು.

ಅವರ ಚಿಂದಿಗಳು ಹಸಿರು ಚೌಕಳಿಯವು. ಹಳೆಯ ಲುಂಗಿಗಳನ್ನು ಚಾಚಿ, ಅಂದರೆ ಅವರ ಹೆಂಡತಿ, ಒಂದೇ ಅಳತೆಗೆ ಹರಿದು, ನೂಲು ಬಿಟ್ಟುಕೊಂಡು ಬೇರಿಂಗಿನೊಳಗೆ ಹೋಗದಿರಲಿ ಎಂದು ನಾಲ್ಕೂ ಅಂಚು ಮಡಿಚಿ ಹೊಲಿದು ಕಳಿಸುತ್ತಿದ್ದರು. ಮಸಿಬಟ್ಟೆಗೆ ಅಂಚು ಹೊಲಿಯುವವರು ಲೋಕದಲ್ಲಿ ಅವರೊಬ್ಬರೇ ಇರಬೇಕು. ನಾವೆಲ್ಲ ಗೋಣಿಯ ಚೂರೋ ಬನಿಯನ್ನಿನ ತೋಳೋ ಸಿಕ್ಕಿದ್ದನ್ನು ಕಟ್ಟುತ್ತಿದ್ದೆವು. ದೂರದಿಂದ ನೋಡಿದರೂ ಯಾವುದು ಚಾಚಾರ ಕೆಲಸ ಎಂದು ತಿಳಿಯುತ್ತಿತ್ತು.

ಉಸ್ತಾದರಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಮಾಯದೆ ಕೊನೆಗೆ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಮನೆಗೆ ಕರೆಸಿ, ಮಂಚದ ಮೇಲೆ ಕೂತೇ ತಮ್ಮ ಸಣ್ಣ ಸುತ್ತಿಗೆಯನ್ನು ಚಾಚಾರ ಮುಂದೆ ಹಿಡಿದರು. ಚಾಚಾ ಅದನ್ನು ಮುಟ್ಟಲಿಲ್ಲ.

“ನಂಗೆ ಓದು ಬರಹ ಬರಲ್ಲ ಭಾಯ್. ಇನ್ಶೂರೆನ್ಸ್ ಕಾಗ್ದ, ಎಫ್‌ಸಿ ಕಾಗ್ದ, ಸಾವ್ಕಾರ್ರ ಜೊತೆ ಮಾತು, ಇವೆಲ್ಲ ನನ್ನ ಕೈಲಿ ಆಗಲ್ಲ. ಇವನಿಗೆ ಕೊಡ್ರಿ. ಹಿಂದೆ ನಾನಿದೀನಲ್ಲ,” ಎಂದರು.

ಹೀಗೆ ಸುತ್ತಿಗೆ, ಅದರ ಜೊತೆಗೆ ಉಸ್ತಾದನ ಜಾಗ, ನನ್ನ ಕೈಗೆ ಬಂತು. ಬೇರೆಯವರು ಬೇಡವೆಂದು ಬಿಟ್ಟುಕೊಟ್ಟದ್ದು ಎನ್ನುವುದನ್ನು ನಾನು ಒಂದೇ ವಾರದಲ್ಲಿ ಮರೆತೆ. ಉಸ್ತಾದರು ಆ ತಿಂಗಳೇ ತೀರಿಕೊಂಡರು. ಮಣ್ಣು ಮಾಡಿ ಬಂದ ಮಾರನೆಯ ದಿನದಿಂದ ಚಾಚಾ ನನಗೆ ‘ಲೇ’ ಅನ್ನುವುದನ್ನು ನಿಲ್ಲಿಸಿದರು. “ಉಸ್ತಾದ್, ಈ ಗಾಡಿ ಇವತ್ತೇ ಬೇಕೇನ್ರಿ?” ಎಂದು ಎಲ್ಲರ ಮುಂದೆ ಕೇಳಿದರು. ಅವರು ಹಾಗೆ ಕರೆದದ್ದರಿಂದಲೇ ಉಳಿದ ಆರು ಜನ ಮೆಕ್ಯಾನಿಕ್ಕುಗಳೂ ನನ್ನನ್ನು ಒಪ್ಪಿಕೊಂಡರು. ನನಗೆ ಆಗ ಅದು ತಿಳಿಯಲಿಲ್ಲ. ನನ್ನ ತಲೆ, ನನ್ನ ಯೋಗ್ಯತೆ ಎಂದುಕೊಂಡೆ. ಜೊತೆಗೆ ‘ಲೇ’ ಹೋದದ್ದಕ್ಕೆ ಒಳಗೊಳಗೇ ಸಂಕಟವೂ ಆಯಿತು, ಅದು ಬೇರೆ ಮಾತು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಿಡಿದದ್ದು ಬಿಳಿ ಬೋರ್ಡು. ಬಿಡಿಭಾಗದ ಕಂಪನಿಯವರು ದಾವಣಗೆರೆಯಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಊಟ ಅವರದೇ, ಹೋದೆ. ಟೈ ಕಟ್ಟಿದವರೊಬ್ಬರು ದೊಡ್ಡ ಊರಿನ ವರ್ಕ್‌ಶಾಪುಗಳ ಚಿತ್ರ ತೋರಿಸಿದರು. ನೆಲ ಕನ್ನಡಿಯ ಹಾಗೆ, ಗೋಡೆಗೆ ಬೋರ್ಡು, ಬೋರ್ಡಿನಲ್ಲಿ ಗಾಡಿಯ ನಂಬರು, ಕೆಲಸ, ಮಾಡಿದವರ ಹೆಸರು, ಮುಗಿಯಿತೋ ಇಲ್ಲವೋ. ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಸೋಮವಾರ ಬೋರ್ಡು ನೇತು ಹಾಕಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಇನ್ನು ಮೇಲೆ ಚಿಂದಿ ಗಿಂದಿ ಏನೂ ಬೇಡ, ಎಲ್ಲ ಇಲ್ಲಿ ಬರೀತೀನಿ,” ಎಂದೆ.

ಚಾಚಾ ಬೋರ್ಡನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

“ಇದು ಇಲ್ಲಿ ಗೋಡೆ ಮೇಲೈತೆ, ಗಾಡಿ ಅಲ್ಲೈತೆ ಉಸ್ತಾದ್. ಕೈ ಇಟ್ಟೋನು ಗಾಡಿ ನೋಡ್ತಾನೋ ಗೋಡೆ ನೋಡ್ತಾನೋ?”

ಉಳಿದವರು ನಕ್ಕರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಓದು ಬಾರದವರ ಮಾತು ಎಂದು ಮನಸ್ಸಿನಲ್ಲೇ ಅಂದುಕೊಂಡು ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದೆ.

ಅದೇ ವಾರದ ಶುಕ್ರವಾರ ಬಸ್ಸಿನ ಸಾವ್ಕಾರರೊಬ್ಬರು ಗ್ಯಾರೇಜು ನೋಡಲು ಬರುವವರಿದ್ದರು. ಅವರ ಒಂದು ಬಸ್ಸು, ಮೊಳಕಾಲ್ಮೂರಿನ ಮೇಲೆ ರಾಂಪುರಕ್ಕೆ ಓಡುವುದು, ಬ್ರೇಕ್ ಲೈನರ್ ಬದಲಿಸಲು ನಮ್ಮಲ್ಲೇ ನಿಂತಿತ್ತು. ಕೆಲಸ ಮೆಚ್ಚಿದರೆ ಅವರ ನಾಲ್ಕೂ ಬಸ್ಸು ನಮಗೇ ಬರುವ ಮಾತಿತ್ತು. ಬಸ್ಸು ಚಾಚಾರ ಕೈಯಲ್ಲಿತ್ತು. “ನಾಲ್ಕು ಗಂಟೆ ಟ್ರಿಪ್ಪಿಗೆ ಬಿಡ್ತೀನಿ,” ಎಂದು ಅವರು ಬೆಳಿಗ್ಗೆಯೇ ಹೇಳಿದ್ದರು. ನಾನು ಅಷ್ಟಕ್ಕೇ, ಬೋರ್ಡು ತುಂಬಿ ಕಾಣಲಿ ಎಂದು, ಅದರ ಮುಂದೆ ‘ಮುಗಿದಿದೆ’ ಎಂದು ಬರೆದುಬಿಟ್ಟೆ. ಆಗ ಬೆಳಿಗ್ಗೆ ಹತ್ತು ಗಂಟೆ.

ಹನ್ನೆರಡೂವರೆಗೆ ಚಾಚಾ ಜುಮ್ಮಾ ನಮಾಜಿಗೆ ಹೋದರು. ಹಿಂದಿನ ಎಡಗಡೆಯ ಚಕ್ರ ಕೂರಿಸಿ, ಜಾಕ್ ಇಳಿಸಿ, ನಟ್ಟುಗಳನ್ನು ಅರ್ಧ ಬಿಗಿದಿದ್ದರು. ಸ್ಪ್ಯಾನರಿಗೆ ಉದ್ದದ ಪೈಪ್ ಹಾಕಿ ಮೈಭಾರ ಬಿಟ್ಟು ಬಿಗಿಯುವ ಕೊನೆಯ ಕೆಲಸ ಬಾಕಿ. ಬೋಲ್ಟಿಗೆ ಚಿಂದಿ ಕಟ್ಟಿ ಹೋಗಿದ್ದರು. ನಾನು ಬೇಡವೆಂದಿದ್ದೆ, ಆದರೂ ಕಟ್ಟಿದ್ದರು. ಉಳಿದವರು ಊಟಕ್ಕೆ ಹೋಗಿದ್ದರು. ಅಷ್ಟರಲ್ಲಿ ಸಾವ್ಕಾರರ ಫೋನು ಬಂತು: ಮಾರ್ಕೆಟ್ ಯಾರ್ಡಿನ ಹತ್ತಿರ ಇದ್ದೇನೆ, ಐದು ನಿಮಿಷದಲ್ಲಿ ಬರುತ್ತೇನೆ. ಗುಡಿಸಿದ ನೆಲದ ಮೇಲೆ, ತೊಳೆದ ಬಸ್ಸಿನ ಚಕ್ರಕ್ಕೆ ಆ ಹಸಿರು ಚಿಂದಿ ನೇತಾಡುತ್ತಿತ್ತು. ಬೋರ್ಡಿನತ್ತ ನೋಡಿದೆ. ‘ಮುಗಿದಿದೆ’ ಎಂದಿತ್ತು. ಬರೆದವನು ನಾನೇ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ. ಮುದುಕನ ಹಠ ಎಂದು ಹಲ್ಲು ಕಚ್ಚಿ, ಗಂಟು ಬಿಚ್ಚಿ, ಚಿಂದಿಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ. ಸುತ್ತಿಗೆ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ತಟ್ಟಿ ನೋಡಲಿಲ್ಲ.

ಸಾವ್ಕಾರರು ಬಂದರು, ಬೋರ್ಡು ನೋಡಿ ತಲೆದೂಗಿದರು. ಒಳಗೆ ಕೂತು ಚಹಾ ಕುಡಿದೆವು. ಹೊರಗೆ, ಅವರ ಜೊತೆ ಬಂದಿದ್ದ ಡ್ರೈವರು ರೂಢಿಯಂತೆ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಾಡಿ ತೆಗೆದುಕೊಂಡು ಹೋದದ್ದು ಕಿಟಕಿಯಿಂದ ಕಾಣಿಸಿತು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಿಟ್ಟೆವಲ್ಲ ಎಂದು ಸಂತೋಷಪಟ್ಟೆ.

ಚಾಚಾ ನಮಾಜು ಮುಗಿಸಿ, ಮನೆಯಲ್ಲಿ ಊಟ ಮಾಡಿ, ಮೂರು ಗಂಟೆಗೆ ಬಂದರು. ಬಸ್ಸು ಇದ್ದ ಜಾಗದಲ್ಲಿ ನಿಂತು ಖಾಲಿ ನೆಲ ನೋಡಿದರು. ನನ್ನನ್ನು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಮೊಳಕಾಲ್ಮೂರು ದಾಟಿ ರಾಂಪುರದ ಕಡೆ ಹೋಗುವಾಗ ಬಸ್ಸಿನ ಹಿಂದಿನ ಚಕ್ರ ಕಳಚಿತ್ತು.

ಇಬ್ಬರೂ ನನ್ನ ಬೈಕಿನಲ್ಲಿ ಹೋದೆವು. ಬಸ್ಸು ಒಂದು ಕಡೆಗೆ ಕುಸಿದು, ರಸ್ತೆಯನ್ನು ಗೀರಿಕೊಂಡು ಹೋಗಿ ನಿಂತಿತ್ತು. ದೇವರ ದಯೆ, ಯಾರ ಜೀವವೂ ಹೋಗಿರಲಿಲ್ಲ. ಡ್ರೈವರಿನ ಭುಜದ ಮೂಳೆ ಮುರಿದು ಆಸ್ಪತ್ರೆಗೆ ಒಯ್ದಿದ್ದರು. ಹುಣಸೆ ಮರದ ಕೆಳಗೆ ಒಬ್ಬಳು ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು, ಸೆರಗು ಕೆಂಪಾಗಿತ್ತು, ಮುಂದಿನ ಹಲ್ಲು ಹೋಗಿದ್ದವು. “ಇಕ್ಕಡ ಉಂದಿ ಸಾಮೀ, ಚಕ್ರಂ ಇಕ್ಕಡ ಉಂದಿ!” ಎಂದು ದೂರದ ಶೇಂಗಾ ಹೊಲದಿಂದ ಯಾರೋ ತೆಲುಗಿನಲ್ಲಿ ಕೂಗುತ್ತಿದ್ದರು. ಚಕ್ರ ಅಷ್ಟು ದೂರ ಉರುಳಿಕೊಂಡು ಹೋಗಿತ್ತು.

ಚಾಚಾ ಮಂಡಿಯೂರಿ ಕೂತು ಖಾಲಿ ಬೋಲ್ಟುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

“ಚಿಂದಿ ಕಟ್ಟಿದ್ದೆ ಅಲ್ವೇನ್ರಿ ಉಸ್ತಾದ್?”

ನನ್ನ ಬಲಗೈ ಜೇಬಿನಲ್ಲಿತ್ತು. ಚಿಂದಿಯ ಹೊಲಿದ ಅಂಚು ಬೆರಳಿಗೆ ತಾಗುತ್ತಿತ್ತು.

“ನಾನು ನೋಡ್ಲಿಲ್ಲ ಚಾಚಾ,” ಎಂದೆ.

ಅಷ್ಟೇ ಮಾತು. ಬೇಕೆಂದು ಲೆಕ್ಕ ಹಾಕಿ ಆಡಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಆಮೇಲೆ ಆರು ವರ್ಷ ಅದನ್ನು ಕಾಯ್ದುಕೊಂಡೆನಲ್ಲ, ಅದು ಮಾತ್ರ ಬೇಕೆಂದೇ ಮಾಡಿದ್ದು. ಆಸ್ಪತ್ರೆಯಲ್ಲಿ ಡ್ರೈವರು, “ಸುತ್ತು ಹಾಕಿ ನೋಡ್ದೆ, ಚಿಂದಿ ಇರ್ಲಿಲ್ಲ,” ಎಂದ. ಅವನು ಹೇಳಿದ್ದು ನಿಜ. ಸಾವ್ಕಾರರು ಗ್ಯಾರೇಜಿಗೆ ಬಂದು ಯಾರ ಕೆಲಸ ಎಂದು ಗದರಿದಾಗ ಚಾಚಾ ತಾವೇ ಮುಂದೆ ಬಂದು ನಿಂತರು. “ನಂದೇ ಕೈ. ಬಿಗಿಯೋದು ಬಿಟ್ಟು, ಚಿಂದಿ ಕಟ್ಟೋದು ಮರೆತು ಹೋಗಿದೀನಿ. ಇವರದೇನೂ ತಪ್ಪಿಲ್ಲ,” ಎಂದರು. ನಮ್ಮ ಆರೂ ಜನ ಮೆಕ್ಯಾನಿಕ್ಕುಗಳು ಅದನ್ನು ಕೇಳಿಸಿಕೊಂಡು ನಿಂತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ಚಾಚಾರ ತಂದೆಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂದಿತ್ತು. ಮಾರ್ಕೆಟ್ ಯಾರ್ಡಿಗೆ ಹೋದವರು ಮನೆಯ ದಾರಿ ಮರೆತು ಸಂಜೆಯ ತನಕ ಚೀಲಗಳ ಮಧ್ಯೆ ಕೂತಿರುತ್ತಿದ್ದರಂತೆ. ಮಗ ಕರೆಯಲು ಹೋದರೆ, “ನೀನು ಯಾರ ಮಗ?” ಎಂದು ಕೇಳುತ್ತಿದ್ದರಂತೆ. ಆ ಕಥೆಯನ್ನು ಚಾಚಾ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದರು. ಈಗ ಅದೇ ತಮ್ಮ ತಲೆಗೂ ಇಳಿದಿದೆ ಎಂದು ಅವರಿಗೆ ಖಾತ್ರಿಯಾಯಿತು. ಕಟ್ಟಿದ ನೆನಪು ಸ್ಪಷ್ಟವಾಗಿದೆ, ಆದರೆ ಚಿಂದಿ ಇರಲಿಲ್ಲ. ಹಾಗಾದರೆ ನೆನಪೇ ಸುಳ್ಳು ಎಂದು ಅವರು ತೀರ್ಮಾನಿಸಿದರು. ಇನ್ನೇನು ತಾನೇ ಮಾಡಿಯಾರು?

ಬಿಗಿದದ್ದನ್ನೇ ಮತ್ತೆ ಮತ್ತೆ ಬಿಗಿಯತೊಡಗಿದರು. ನನ್ನ ಹತ್ತಿರ ಬಂದು, “ಉಸ್ತಾದ್, ಅದನ್ನ ಬಿಗಿದೆನಾ ನಾನು? ನೀವು ನೋಡಿದ್ರಾ?” ಎನ್ನುತ್ತಿದ್ದರು. ನಾನು, “ಬಿಗಿದಿದೀರ ಚಾಚಾ,” ಎನ್ನುತ್ತಿದ್ದೆ. ನಂಬದೆ ಮತ್ತೆ ಹೋಗಿ ನೋಡುತ್ತಿದ್ದರು. ತಿಂಗಳು ತುಂಬುವುದರೊಳಗೆ ತಮ್ಮ ಹತಾರದ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು.

“ನನ್ನ ನೆನಪು ಹೋಗೈತೆ ಉಸ್ತಾದ್. ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು. ಇನ್ನೊಂದು ಬಸ್ಸಿನ ಪಾಪ ನನ್ನ ಕೈಲಿ ಹೊರಾಕಾಗಲ್ಲ.”

ಆಗಲಾದರೂ ಹೇಳಬಹುದಿತ್ತು. ಅದೇ ಮೇಜಿನ ಖಾನೆಯಲ್ಲಿ ಚಿಂದಿ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ಹೇಳಿದರೆ ನಾಳೆಯಿಂದ ನಾನು ಉಸ್ತಾದನಲ್ಲ, ಈ ಆರು ಜನರ ಮುಖ ಹೇಗೆ ನೋಡಲಿ ಎಂದುಕೊಂಡೆ. ಹೇಡಿತನಕ್ಕೆ ನೂರು ನೆಪ. ಚಾಚಾ ಮನೆ ಖಾಲಿ ಮಾಡಿಕೊಂಡು ಮೊಳಕಾಲ್ಮೂರಿಗೆ, ಮಗಳು ಅಳಿಯ ಇರುವ ಬೀದಿಗೆ ಹೋದರು.

ಆಮೇಲೆ ನಾನು ಒಳ್ಳೆಯ ಉಸ್ತಾದನಾದೆ. ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಆದೆ. ಬೋರ್ಡನ್ನು ಇಳಿಸಿ ಚಿಂದಿಯನ್ನು ವಾಪಸು ತಂದೆ. ಅದನ್ನೂ ಚಾಚಾರ ತಪ್ಪಿನಿಂದ ಕಲಿತ ಪಾಠ ಎಂದೇ ಎಲ್ಲರೂ ತಿಳಿದರು. ಹೊರಡುವ ಪ್ರತಿ ಗಾಡಿಯ ಪ್ರತಿ ನಟ್ಟನ್ನೂ ನಾನೇ ತಟ್ಟಿ ಕೇಳಿದೆ. ಯಾರ ಮೇಲೂ ಕೂಗಾಡಲಿಲ್ಲ. ಮೂಗಿನ ತುದಿಯ ಸಿಟ್ಟು ಎಲ್ಲಿ ಹೋಯಿತೆಂದು ಹೆಂಡತಿಗೇ ಆಶ್ಚರ್ಯ. ಯಾರಿಗಾದರೂ ಕೆಲಸ ಕೆಟ್ಟರೆ ಮೊದಲು, “ನಾನೇನು ತಪ್ಪು ಹೇಳಿದ್ದೆ?” ಎಂದು ಕೇಳುತ್ತಿದ್ದೆ. ಬೇರೆ ಬೇರೆ ಸಾವ್ಕಾರರು ಹುಡುಕಿಕೊಂಡು ಬಂದರು, ಚಕ್ರ ಕಳಚಿದ ಬಸ್ಸಿನವರೂ ತಮ್ಮ ನಾಲ್ಕೂ ಬಸ್ಸನ್ನು ನಮಗೇ ಬಿಟ್ಟರು. ಆರು ಜನ ಇದ್ದವರು ಹದಿಮೂರಾದರು.

ಆದರೆ ಕಿವಿ ಕೆಟ್ಟಿತು. ಕಂಡ ಕಂಡದ್ದನ್ನೆಲ್ಲ ತಟ್ಟುವ ಚಟ ಅಂಟಿತು. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನು, ಬಸ್ಸಿನಲ್ಲಿ ಕೂತರೆ ಕಂಬಿಯನ್ನು ಬೆರಳಿನಿಂದ ತಟ್ಟಿ ಕೇಳುತ್ತಿದ್ದೆ. ಮಗಳು ಹುಟ್ಟಿದಾಗ ತೊಟ್ಟಿಲಿನ ಕೊಂಡಿಯನ್ನು ದಿನಕ್ಕೆ ಹತ್ತು ಸಲ ತಟ್ಟುತ್ತಿದ್ದೆ. ಎಲ್ಲವೂ ಟಪ್ ಎಂದೇ ಕೇಳುತ್ತಿತ್ತು. ರಾಂಪುರದ ಕಡೆ ಹೋಗಬೇಕಾದರೆ ಆ ಹುಣಸೆ ಮರ ಬರುವ ಮುಂಚೆಯೇ ಬೈಕಿನ ವೇಗ ತಾನಾಗಿ ಇಳಿಯುತ್ತಿತ್ತು. ಮರದ ಕೆಳಗೆ ಯಾರೂ ಇರುತ್ತಿರಲಿಲ್ಲ, ನನಗೆ ಮಾತ್ರ ಸೆರಗು ಒತ್ತಿಕೊಂಡ ಅಜ್ಜಿ ಕಾಣುತ್ತಿದ್ದಳು. ಗ್ಯಾರೇಜಿನಲ್ಲಿ ಯಾವುದಾದರೂ ಚಿಂದಿ ಗಾಳಿಗೆ ಆಡಿದರೆ ಅದು ಹಸಿರಾಗಿ ಕಂಡು ಬೆಚ್ಚುತ್ತಿದ್ದೆ. ಹಟ್ಟಿಗೆ ಹೋದಾಗ ಅವ್ವ ನನ್ನ ಬೆರಳನ್ನೇ ನೋಡುತ್ತ ಕೂತಿದ್ದು, “ನಿಂಗೇನೋ ಮೆಟ್ಟಿಕೊಂಡೈತೆ ಕಣಪ್ಪ. ಒಂದು ಅಂತ್ರ ಕಟ್ಟಿಸ್ತೀನಿ, ಬಾ,” ಎಂದಳು. ತೋಳಿಗೆ ಅಂತ್ರದ ತಾಯಿತ ಕಟ್ಟಿಸಿಯೂ ಬಂದೆ.

ಆರನೆಯ ವರ್ಷ ಚಳ್ಳಕೆರೆಯ ಮೆಕ್ಯಾನಿಕ್ಕುಗಳೆಲ್ಲ ಸೇರಿ ನನ್ನನ್ನು ತಮ್ಮ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದರು. ಒಂದು ಶನಿವಾರ ಬೆಳಿಗ್ಗೆ ಸಣ್ಣ ಸಭಾಂಗಣದಲ್ಲಿ ಶಾಲು, ಹಾರ, ಮೈಸೂರು ಪೇಟ. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತಿತ್ತು. ಭಾಷಣ ಮಾಡಿದವರೊಬ್ಬರು, “ಇವರ ಗ್ಯಾರೇಜಿನಲ್ಲಿ ಹಿಂದೆ ಒಬ್ಬ ಹಿರಿಯ ಮೆಕ್ಯಾನಿಕ್ಕಿನ ಮರೆವಿನಿಂದ ಅನಾಹುತ ಆಯ್ತು. ಇವರು ಆ ಹಿರಿಯರಿಗೆ ಒಂದು ಬಿರುಸು ಮಾತು ಆಡಲಿಲ್ಲ. ನಾಯಕ ಅಂದರೆ ಹೀಗಿರಬೇಕು,” ಎಂದರು. ಚಪ್ಪಾಳೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಪೇಟವನ್ನು ಮೇಲೆತ್ತಿ ನೋಡಿದರೆ ಕೊನೆಯ ಸಾಲಿನಲ್ಲಿ ಚಾಚಾ ಕೂತಿದ್ದಾರೆ. ಅವರೂ ಚಪ್ಪಾಳೆ ತಟ್ಟುತ್ತಿದ್ದರು.

ಊಟದ ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದೆ. ಅವರು ಜೊತೆಗೆ ಬಂದಿದ್ದ ಚಾಚಿಯ ಕಡೆ ಬಗ್ಗಿ, “ಗ್ಯಾಸ್ ಆರಿಸಿದೀನಾ?” ಎಂದರು. “ಆರಿಸಿದೀರ,” ಎಂದರು ಚಾಚಿ. ಎರಡು ಹೆಜ್ಜೆ ಮುಂದೆ ಹೋಗಿ, “ಬೀಗ?” ಎಂದರು. “ಹಾಕಿದೀರ. ನಾನೇ ನೋಡ್ದೆ.” ಎಲೆ ಹಾಕುವುದರೊಳಗೆ ಮತ್ತೆ ಗ್ಯಾಸಿಗೆ ಬಂದರು. ಚಾಚಿ ಪ್ರತಿ ಸಲವೂ ಮೊದಲ ಸಲ ಕೇಳಿದ ಹಾಗೇ ಉತ್ತರ ಕೊಟ್ಟರು, ದನಿಯಲ್ಲಿ ಬೇಸರ ಇರಲಿಲ್ಲ. ಚಾಚಾ ಕೈ ತೊಳೆಯಲು ಹೋದಾಗ ನಾನು ಮೆಲ್ಲಗೆ ಕೇಳಿದೆ: ಮರೆವು ಜಾಸ್ತಿಯಾಗಿದೆಯೇ?

“ಮರೆವು ಎಲ್ಲೈತೆ ಬೇಟಾ? ಮದುವೆ ದಿನ ಏನು ಸಾರು ಮಾಡಿದ್ರು ಅಂತ್ಲೂ ಹೇಳ್ತಾರೆ. ದುರ್ಗದ ಡಾಕ್ಟ್ರು ತಲೆ ಫೋಟೋ ಎಲ್ಲ ತೆಗೆಸಿ, ಏನೂ ಇಲ್ಲ ಅಂದ್ರು. ಇವರೇ ಒಪ್ಪಲ್ಲ. ಆ ಚಕ್ರದ ದಿನದಿಂದ ಹಿಂಗೇ. ರಾತ್ರಿ ಮಲಗಿದ ಮೇಲೆ ಬಾಗ್ಲು ಹಾಕಿದೀನಾ ಅಂತ ಎಬ್ಬಿಸ್ತಾರೆ, ಏಳು ಸಲ, ಎಂಟು ಸಲ. ಎದ್ದು ಹೋಗಿ ನೋಡಿ ಬಂದು ಹೇಳ್ತೀನಿ.”

ಡ್ರೈವರಿನ ಭುಜ ಮೂರು ತಿಂಗಳಲ್ಲಿ ಕೂಡಿತ್ತು. ಚಾಚಾರೊಳಗೆ ಮುರಿದದ್ದು ಆರು ವರ್ಷವಾದರೂ ಕೂಡಿರಲಿಲ್ಲ, ಮುರಿದ ನಾನು ಪೇಟ ಹಾಕಿಕೊಂಡು ಹೋಳಿಗೆ ತಿನ್ನುತ್ತಿದ್ದೆ.

ಮಾರನೆಯ ದಿನ ಭಾನುವಾರ ಬೆಳಿಗ್ಗೆ, ಮೇಜಿನ ಖಾನೆಯಿಂದ ಚಿಂದಿ ತೆಗೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ಚಾಚಾ ಅಳಿಯನ ಪಂಕ್ಚರ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಅವರು ಅಲ್ಲಿ ಮಾಡುವುದು ಗಾಳಿ ತುಂಬುವ ಕೆಲಸ ಒಂದೇ, ಅದರಲ್ಲಿ ಬಿಗಿಯುವುದು ಏನೂ ಇಲ್ಲ. ಒಬ್ಬ ಬೈಕಿಗೆ ಗಾಳಿ ಹಾಕಿಸಿಕೊಂಡು ಹೊರಟಿದ್ದ. “ಕ್ಯಾಪ್ ಹಾಕಿದೀನಾ? ನೀನೇ ಒಂದ್ಸಲ ನೋಡ್ಕಳಪ್ಪ,” ಎಂದರು ಚಾಚಾ. ಅವನು ನೋಡದೆಯೇ ಹೋದ. ಚಾಚಾ ಎದ್ದು ನಿಂತು ಅವನು ತಿರುವು ದಾಟುವ ತನಕ ನೋಡಿದರು.

“ಬರ್ರಿ ಉಸ್ತಾದ್,” ಎಂದು ಅಂಗಡಿಯ ಹಿಂದಿನ ಮನೆಗೆ ಕರೆದುಕೊಂಡು ಹೋದರು. ಚಾಚಿ ಅಕ್ಕಿ ಆರಿಸುತ್ತಿದ್ದರು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಉಳಿದವು. ಜೇಬಿನಿಂದ ಚಿಂದಿ ತೆಗೆದು ಚಾಪೆಯ ಮೇಲಿಟ್ಟೆ.

“ಇದನ್ನ ನೀವು ಕಟ್ಟಿದ್ರಿ ಚಾಚಾ. ಆವತ್ತು. ನಾನು ಬಿಚ್ಚಿದೆ. ಸಾವ್ಕಾರ್ರು ಬರ್ತಾರೆ, ಚೆನ್ನಾಗಿ ಕಾಣಲ್ಲ ಅಂತ ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ನೀವು ಕೇಳಿದಾಗ ಸುಳ್ಳು ಹೇಳ್ದೆ. ನೀವೇನೂ ಮರೆತಿರ್ಲಿಲ್ಲ. ಕೆಲಸ ಮುಗಿದಿಲ್ಲ ಅನ್ನೋದನ್ನ ಮರೆತೋನು ನಾನು.”

ಚಾಚಾ ಚಿಂದಿಯನ್ನು ಮುಟ್ಟಲಿಲ್ಲ. ಚಾಚಿ ಮೊರ ಕೆಳಗಿಟ್ಟು ಬಂದು ಅದನ್ನೆತ್ತಿಕೊಂಡು, ಮಸಿ ಹಿಡಿದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ಬೆಳಕಿಗೆ ಹಿಡಿದರು. “ನನ್ನ ಹೊಲಿಗೆನೇ,” ಎಂದರು. ಆಮೇಲೆ ನನ್ನ ಮುಖವನ್ನು ಒಮ್ಮೆ ನೋಡಿ, ಚಿಂದಿ ಹಿಡಿದುಕೊಂಡೇ ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ನಾನು ಹೊಡೆತಕ್ಕೆ ಸಿದ್ಧನಾಗಿ ಕೂತಿದ್ದೆ. ಚಾಚಾರ ಮುಖದಲ್ಲಿ ಸಿಟ್ಟು ಬರಲೇ ಇಲ್ಲ. ಅವರು ನಕ್ಕರು. ನಗುತ್ತಿದ್ದ ಹಾಗೇ ಕಣ್ಣೀರು ಗಡ್ಡಕ್ಕೆ ಇಳಿಯಿತು. “ಕಟ್ಟಿದ್ದೆ. ಎರಡು ಗಂಟು ಹಾಕಿದ್ದೆ. ಕೇಳಿದೇನೇ? 
ಕಟ್ಟಿದ್ದೆ ನಾನು!” ಎಂದು ಒಳಗೆ ಕೂಗಿದರು. ಒಳಗೆ ಪಾತ್ರೆಯೊಂದನ್ನು ನೆಲಕ್ಕೆ ಕುಕ್ಕಿದ ಸದ್ದಾಯಿತು. ಅವರ ಆ ಸಂತೋಷವನ್ನು ನೋಡಿ ಕೂರುವುದು ನನ್ನ ಕೈಲಾಗಲಿಲ್ಲ. ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

“ಲೇ,” ಎಂದರು. ಆರು ವರ್ಷದ ಮೇಲೆ. “ಕಾಲು ಬಿಡು. ನಂಗೆ ಹೇಳಿದ್ದಾಯ್ತು. ಯಾರ ಮುಂದೆ ನಾನು ಮರೆಗುಳಿ ಆದೆನೋ, ಅವರ ಮುಂದೆ ಹೋಗಿ ಹೇಳು.”

ಸೋಮವಾರ ಬೆಳಿಗ್ಗೆ ಹದಿಮೂರೂ ಜನರನ್ನು ನಿಲ್ಲಿಸಿದೆ. ಬೋರ್ಡು ಹಾಕಿದ ದಿನ ನಿಂತಿದ್ದ ಅದೇ ಜಾಗ. ಎಲ್ಲವನ್ನೂ ಹೇಳಿದೆ, ಬೆಳಿಗ್ಗೆ ಹತ್ತಕ್ಕೆ ‘ಮುಗಿದಿದೆ’ ಎಂದು ಬರೆದದ್ದನ್ನೂ ಬಿಡಲಿಲ್ಲ. ಹಳಬರಲ್ಲಿ ಒಬ್ಬರು ಎದುರಿಗೇ ಉಗುಳಿ, ತಮ್ಮ ಪೆಟ್ಟಿಗೆ ಎತ್ತಿಕೊಂಡು ಹೋದರು. ಸಂಜೆಯೊಳಗೆ ಇನ್ನಿಬ್ಬರು ಹೋದರು. ಸಾವ್ಕಾರರಿಗೂ ನಾನೇ ಫೋನು ಮಾಡಿ ಹೇಳಿದೆ, ನಾಲ್ಕೂ ಬಸ್ಸು ಬೇರೆ ಕಡೆಗೆ ಹೋದವು. ಸಂಘಕ್ಕೆ ರಾಜೀನಾಮೆ ಬರೆದುಕೊಟ್ಟೆ. ಉಳಿದವರು ಯಾಕೆ ಉಳಿದರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮಂಗಳವಾರ ಬೆಳಿಗ್ಗೆ ಶೆಟರ್ ಎತ್ತುತ್ತಿದ್ದಾಗ ಫೋನು ಬಂತು. ಚಾಚಾರ ನಂಬರು. ಮಾತಾಡಿದವರು ಚಾಚಿ. ನನ್ನನ್ನು ಬೇಟಾ ಎನ್ನಲಿಲ್ಲ, ಉಸ್ತಾದ್ ಎಂದೂ ಅನ್ನಲಿಲ್ಲ.

“ಗ್ಯಾರೇಜಿನ ಸುದ್ದಿ ನಿನ್ನೆ ಸಂಜೆ ಬಂತು. ರಾತ್ರಿ ಬಾಗ್ಲು ಹಾಕಿದೀನಾ ಅಂತ ಕೇಳ್ಲಿಲ್ಲ ಇವರು. ಮಲಗಿದೋರು ಗೊರಕೆ ಹೊಡೀತಾ ಮಲಗಿಬಿಟ್ರು,” ಎಂದರು. “ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ನಾನೇ ಬೆಳಗಿನ ತನಕ ಎದ್ದು ಕೂತಿದ್ದೆ.”

ನಾನು ಏನಾದರೂ ಹೇಳುವಷ್ಟರಲ್ಲಿ ಫೋನು ಇಟ್ಟರು.